ಗಾಡಿಯೊಳಗಿನ ಬಂದೂಕು

ಜಾನ್ ಸ್ಟೈನ್‌ಬೆಕ್ 1960ರಲ್ಲಿ, ಐವತ್ತೆಂಟರ ವಯಸ್ಸಿನಲ್ಲಿ, ಟ್ರಕ್ಕಿನ ಬೆನ್ನಿಗೆ ಪುಟ್ಟ ಮನೆ ಕಟ್ಟಿಸಿಕೊಂಡು ಅಮೆರಿಕ ಸುತ್ತಲು ಹೊರಟರು. ಜೊತೆಗೆ ಚಾರ್ಲಿ ಎಂಬ ನಾಯಿ. 1962ರಲ್ಲಿ ಬಂದ 'ಟ್ರಾವೆಲ್ಸ್ ವಿತ್ ಚಾರ್ಲಿ' ಆ ತಿರುಗಾಟದ ಪುಸ್ತಕ. ನನ್ನ ಕಣ್ಣು ನಿಂತದ್ದು ಅವರು ತುಂಬಿಕೊಂಡ ಸಾಮಾನಿನ ಮೇಲೆ. ಹೆಂಗಸರಿಗೆ ಪ್ರಯಾಣವೆಂದರೆ ಮೊದಲು ಸಾಮಾನೇ ತಾನೆ? ಅದರಲ್ಲಿ ಒಂದು ಷಾಟ್‌ಗನ್ನು, ಎರಡು ರೈಫಲ್ಲು ಇದ್ದವು. ಕಳ್ಳರ ಭಯಕ್ಕಲ್ಲ. ಸುಮ್ಮನೆ ತಿರುಗುವ ಗಂಡಸನ್ನು ಜನ ಅನುಮಾನಿಸುತ್ತಾರೆ, ಬೇಟೆಗೆ ಹೊರಟವನನ್ನು ಯಾರೂ ಕೇಳುವುದಿಲ್ಲ ಎಂಬ ಲೆಕ್ಕ. ಬಂದೂಕು ಅವರಿಗೆ ಗುರುತಿನ ಚೀಟಿ.

ಮೊಹಾವಿ ಮರುಭೂಮಿಯಲ್ಲಿ ಅವರು ತೋಳದ ಜಾತಿಯ ಎರಡು ಕಯೋಟಿಗಳಿಗೆ ಗುರಿಯಿಡುತ್ತಾರೆ. ಆದರೆ ಗುಂಡು ಹಾರಿಸದೆ, ನಾಯಿ ಊಟದ ಎರಡು ಡಬ್ಬಿ ತೆರೆದಿಟ್ಟು ಮುಂದೆ ಹೋಗುತ್ತಾರೆ. ಪುಸ್ತಕದ ಚೆಂದದ ಪುಟಗಳು ಇವು. ಆದರೂ ಇಂಥ ಔದಾರ್ಯ ಗುರಿಯಿಡುವವರಿಗೆ ಸಾಧ್ಯ. ರಾತ್ರಿ ಒಬ್ಬಳೇ ಗಾಡಿಯಲ್ಲಿ ಮಲಗುವವಳ ಮಾತೇನು?

ಅದಕ್ಕೆ ಉತ್ತರ ಹುಡುಕುತ್ತ 'ನೋಮ್ಯಾಡ್‌ಲ್ಯಾಂಡ್' ನೋಡಿದೆ. ಜೆಸ್ಸಿಕಾ ಬ್ರೂಡರ್ 2017ರಲ್ಲಿ ಬರೆದ ಪುಸ್ತಕವನ್ನು ಆಧರಿಸಿ ಕ್ಲೋಯಿ ಜಾವೊ 2020ರಲ್ಲಿ ಮಾಡಿದ ಚಿತ್ರ. ನೆವಾಡದ ಎಂಪೈರ್ ಊರಿನ ಜಿಪ್ಸಮ್ ಕಾರ್ಖಾನೆ 2011ರಲ್ಲಿ ಮುಚ್ಚಿದ ಮೇಲೆ, ವಿಧವೆ ಫರ್ನ್ ವ್ಯಾನನ್ನೇ ಮನೆ ಮಾಡಿಕೊಳ್ಳುತ್ತಾಳೆ. ಅವಳ ಕೈಯಲ್ಲಿ ಬಂದೂಕು ಕಾಣುವುದಿಲ್ಲ.

ಅಮೆರಿಕದಲ್ಲಿ ಬಂದೂಕು ಸಿಗುವುದೇನೂ ಕಷ್ಟವಲ್ಲ. ಇಟ್ಟುಕೊಂಡು ತಿರುಗುವುದು ಕಷ್ಟ. ಅರಿಜೋನಾದಲ್ಲಿ 2010ರಿಂದ ಇಪ್ಪತ್ತೊಂದು ತುಂಬಿದವರು ಪರವಾನಗಿಯಿಲ್ಲದೆಯೇ ಬಚ್ಚಿಟ್ಟುಕೊಂಡು ಒಯ್ಯಬಹುದು. ಪಕ್ಕದ ಕ್ಯಾಲಿಫೋರ್ನಿಯಕ್ಕೆ ದಾಟಿದರೆ ಅದೇ ಅಪರಾಧವಾದೀತು. ರಾಜ್ಯಗಳನ್ನು ಹಾದುಹೋಗುವವರಿಗೆ 1986ರ ಕೇಂದ್ರ ಕಾಯಿದೆ ರಕ್ಷಣೆ ಕೊಡುತ್ತದೆ, ಆದರೆ ಗುಂಡು ತೆಗೆದಿರಬೇಕು, ಬೇರೆ ಡಿಕ್ಕಿಯಿಲ್ಲದ ಗಾಡಿಯಾದರೆ ಬಂದೂಕು ಬೀಗದ ಪೆಟ್ಟಿಗೆಯಲ್ಲಿರಬೇಕು. ನಡುರಾತ್ರಿ ಬಾಗಿಲು ಮುರಿಯುವವನು ನಾವು ಬೀಗ ತೆಗೆಯುವವರೆಗೆ ಕಾಯುತ್ತಾನೆಯೆ? ತಲೆದಿಂಬಿನ ಕೆಳಗಿಟ್ಟರೆ, ಅವಳು ಕೆಲಸಕ್ಕೆ ಹೋದಾಗ ಕಿಟಕಿ ಒಡೆದ ಕಳ್ಳನಿಗೇ ಅದು ಸಿಕ್ಕೀತು. ಅಲ್ಲದೆ ಅಲ್ಲಿನ ಸುಪ್ರೀಂ ಕೋರ್ಟು 1985ರಲ್ಲಿ ಚಲಿಸುವ ಮನೆಯನ್ನು ವಾಹನವೆಂದೇ ಎಣಿಸಿತು. ತಕ್ಕ ಕಾರಣವಿದ್ದರೆ ಪೊಲೀಸರು ವಾರಂಟಿಲ್ಲದೆ ಒಳಗೆ ಹುಡುಕಬಹುದು. ಅವಳಿಗೆ ಅದು ಮನೆ, ಕಾನೂನಿಗೆ ಗಾಡಿ.

ಚಿತ್ರ ಈ ಗೋಜಿಗೇ ಹೋಗದೆ ಬೇರೊಂದು ರಕ್ಷಣೆಯನ್ನು ತೋರಿಸುತ್ತದೆ. ಟೈರು ಪಂಕ್ಚರಾದಾಗ ಫರ್ನ್ ಬಳಿ ಹೆಚ್ಚುವರಿ ಚಕ್ರವಿಲ್ಲ. ಸ್ವಾಂಕಿ ಎಂಬ ಹಿರಿಯಳು ಚೆನ್ನಾಗಿ ಗದರಿಸುತ್ತಾಳೆ: ಇಲ್ಲಿ ಸಾಯಲೂಬಹುದು, ನಿನ್ನ ಚಕ್ರ ನೀನೇ ಬದಲಿಸಲು ಕಲಿ. ಈ ಗದರಿಕೆ ನನಗೆ ಬಹಳ ಹಿಡಿಸಿತು. ಕೈಕೆಲಸ, ನೆರೆಹೊರೆ, ಸಹಾಯಕ್ಕೆ ಕರೆಯುವ ದಾರಿ, ಇವು ಬಂದೂಕಿಗಿಂತ ಹೆಚ್ಚು ದಿನ ಉಪಯೋಗಕ್ಕೆ ಬರುತ್ತವೆ.

ಆದರೆ ಒಂದು ತಕರಾರಿದೆ. ಊಟಕ್ಕೆ ಕೂತ ಫರ್ನಳ ಕಿಟಕಿಯನ್ನು ಯಾರೋ ಬಡಿಯುತ್ತಾರೆ. ಅವಳು ಬೆಚ್ಚಿಬೀಳುತ್ತಾಳೆ. ಇಲ್ಲಿ ರಾತ್ರಿ ಗಾಡಿ ನಿಲ್ಲಿಸುವಂತಿಲ್ಲ ಎಂದು ಹೇಳಲು ಬಂದವನಷ್ಟೆ. ಚಿತ್ರ ಅಲ್ಲಿಂದ ಬೇಗ ದಾಟಿಬಿಡುತ್ತದೆ. ಸಿಟಿ ಬಸ್ಸಿಗೆ ಹತ್ತುವಾಗ ಬೆರಳ ಸಂದಿಯಲ್ಲಿ ಸೇಫ್ಟಿ ಪಿನ್ನು ಹಿಡಿದ ನಮಗೆ ಆ ಬೆಚ್ಚುವಿಕೆಯ ಮುಂದಿನ ಕಥೆ ಬೇಕು. ಬಡಿದವನು ಹೋದ ಮೇಲೆ ಅವಳಿಗೆ ನಿದ್ದೆ ಬಂತೆ? ನಾಳೆ ಎಲ್ಲಿ ನಿಲ್ಲಿಸಲು ಯೋಚಿಸಿದಳು? ಸ್ಟೈನ್‌ಬೆಕ್ಕರಿಗೆ ಈ ಪ್ರಶ್ನೆ ಹೊಳೆಯಲಿಲ್ಲ. ಜಾವೊ ಅದನ್ನು ಎತ್ತಿ, ಅರ್ಧಕ್ಕೇ ಕೆಳಗಿಟ್ಟಿದ್ದಾರೆ.