ಬೆಳಗಾಗಂಗಿಲ್ಲೇನು? : ಒಂದು ಗಾದೆ, ಒಂದು ಕಿರುಚಿತ್ರ, ಒಂದು ಪ್ರತ್ಯಯ

‘ಅಜ್ಜಿ ಕೋಳಿ ಕೂಗದಿದ್ದರೆ ಬೆಳಗಾಗುವುದಿಲ್ಲವೇ?’ ಎಂಬ ಗಾದೆ ಕನ್ನಡ ನಾಡಿನುದ್ದಕ್ಕೂ ಇದೆ. ಬೆಳುಂಕಿ, ಜತ್ತ ಕಡೆಯ ನಮ್ಮ ಮಾತಿನಲ್ಲಿ ಅದು ‘ಮುದಕಿ ಹುಂಜ ಕೂಗದಿದ್ರ ಬೆಳಗಾಗಂಗಿಲ್ಲೇನು?’ ಎಂದಾಗುತ್ತದೆ. ಇದರ ಹಿಂದಿನ ಕಥೆಯೂ ಪರಿಚಿತವೇ. ತನ್ನ ಹುಂಜ ಕೂಗುವುದರಿಂದಲೇ ಊರಿಗೆ ಬೆಳಗಾಗುತ್ತದೆ, ತನ್ನ ಒಲೆಯಿಂದಲೇ ಊರಿಗೆ ಬೆಂಕಿ ಸಿಗುತ್ತದೆ ಎಂದು ನಂಬಿದ ಮುದುಕಿ ಸಿಟ್ಟಿನಿಂದ ಎರಡನ್ನೂ ಕಟ್ಟಿಕೊಂಡು ಅಡವಿಗೆ ಹೋಗುತ್ತಾಳೆ. ಊರಿಗೆ ಬೆಳಗಾಗುತ್ತದೆ, ಮುದುಕಿ ನಗೆಪಾಟಲಾಗುತ್ತಾಳೆ.

ಈ ಗಾದೆಯನ್ನು ತಿರುವಿ ಹಾಕಿದ ಒಂದು ಕಿರುಚಿತ್ರವನ್ನು ಉಪಭಾಷೆಯ ಅಭ್ಯಾಸಿಯಾಗಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ. ‘ಸೂರ್ಯಕಾಂತಿಗಳಿಗೇ ಮೊದಲು ತಿಳಿದದ್ದು’ ಎಂಬ ಅರ್ಥದ ಇಂಗ್ಲಿಷ್ ಹೆಸರಿನ, ಹದಿನಾರು ನಿಮಿಷಗಳ ಈ ಕನ್ನಡ ಚಿತ್ರವನ್ನು ಮೈಸೂರಿನ ಚಿದಾನಂದ ಎಸ್. ನಾಯ್ಕ್ ಅವರು ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ವಿದ್ಯಾರ್ಥಿಯಾಗಿ ನಿರ್ದೇಶಿಸಿದರು. ಅವರು ಓದಿದ್ದು ವೈದ್ಯಕೀಯ. ನಾಲ್ಕು ದಿನಗಳಲ್ಲಿ ಚಿತ್ರೀಕರಣ ಮುಗಿಸಿದ ಈ ಚಿತ್ರಕ್ಕೆ 2024ರ ಕಾನ್ ಚಲನಚಿತ್ರೋತ್ಸವದಲ್ಲಿ, ಚಲನಚಿತ್ರ ಶಾಲೆಗಳ ಕೃತಿಗಳಿಗೆ ಮೀಸಲಾದ ‘ಲಾ ಸಿನೆಫ್’ ವಿಭಾಗದ ಪ್ರಥಮ ಬಹುಮಾನ ಬಂತು.

ಕಥೆ ಇಷ್ಟೇ: ಮುದುಕಿಯೊಬ್ಬಳು ಊರ ಹುಂಜವನ್ನು ಕದಿಯುತ್ತಾಳೆ, ಹೊತ್ತು ಹೊಂಡುವುದೇ ನಿಂತು ಹೋಗುತ್ತದೆ. ಊರು ಕತ್ತಲಲ್ಲಿ ಬೀಳುತ್ತದೆ. ಹುಂಜವನ್ನು ಮರಳಿ ತರಲು ಒಂದು ಭವಿಷ್ಯವಾಣಿಯ ಮೊರೆ ಹೋಗುತ್ತಾರೆ. ಮುದುಕಿಯ ಮನೆತನ ಊರು ಬಿಡಬೇಕಾಗುತ್ತದೆ. ಲೋಕ ಮುಳುಗುವುದನ್ನು ತೋರಿಸಲು ಬೇರೆಯವರಿಗೆ ಪ್ರಳಯ ಬೇಕು, ಭೂಕಂಪ ಬೇಕು, ಅದಕ್ಕೆ ರೊಕ್ಕ ಬೇಕು. ಇಲ್ಲಿ ಒಂದು ಹುಂಜದ ಮೌನ ಸಾಕು.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಚಿತ್ರವು ಗಾದೆಯಿಂದ ಒಂದೇ ಒಂದನ್ನು ತೆಗೆದಿದೆ: ಕೊನೆಯ ‘ಏನು’. ‘ಬೆಳಗಾಗಂಗಿಲ್ಲೇನು?’ ಎಂಬಲ್ಲಿ ಹೇಳುವವನ ನಗೆಯೆಲ್ಲ ಈ ಪ್ರಶ್ನಾರ್ಥಕದಲ್ಲಿದೆ. ಅದನ್ನು ಬಿಟ್ಟರೆ ಉಳಿಯುವುದು ‘ಬೆಳಗಾಗಂಗಿಲ್ಲ’ ಎಂಬ ಸರಳ ನಿಷೇಧ. ಗಾದೆ ನಗುತ್ತ ಕೇಳಿದ್ದನ್ನು ಚಿತ್ರ ನಗದೆ ನಂಬುತ್ತದೆ. ಇದರ ಹಾಸ್ಯವೂ ವಿಚಿತ್ರವೂ ಹುಟ್ಟುವುದು ಇಲ್ಲಿಂದ. ಇನ್ನೊಂದು ಸ್ವಾರಸ್ಯವುಂಟು. ನಮ್ಮಲ್ಲಿ ‘ಬರಂಗಿಲ್ಲ, ಆಗಂಗಿಲ್ಲ’ ಎಂದರೆ ಬರುವುದಿಲ್ಲ, ಆಗುವುದಿಲ್ಲ ಎಂದಷ್ಟೇ ಅರ್ಥ. ಮೈಸೂರು ಕಡೆಯ ಕಿವಿಗೆ ಅದು ‘ಬರುವ ಹಾಗಿಲ್ಲ’ ಎಂದು, ಅಂದರೆ ಅಪ್ಪಣೆಯಿಲ್ಲ ಎಂದು ಕೇಳಬಹುದು. ಸೂರ್ಯನಿಗೆ ಬರಲು ಅಪ್ಪಣೆಯಿಲ್ಲದ ಊರು: ಚಿತ್ರದ ಊರು ಇದೇ ಅಲ್ಲವೇ?

ಗಡಿಯವರ ಕಿವಿಯಲ್ಲಿ ಇದರ ಪಕ್ಕಕ್ಕೇ ಮರಾಠಿ ಗಾದೆಯೊಂದು ಇರುತ್ತದೆ: ‘ಕೋಂಬಡಂ ಝಾಕಲಂ ಮ್ಹಣೂನ ತಾಂಬಡಂ ಫುಟಾಯಚಂ ರಾಹತ ನಾಹೀ.’ ಕೋಳಿಯನ್ನು ಮುಚ್ಚಿಟ್ಟರೆ ಮೂಡಣ ಕೆಂಪಾಗುವುದು ನಿಲ್ಲುವುದಿಲ್ಲ ಎಂದು ತಾತ್ಪರ್ಯ. ಎರಡೂ ಒಂದೇ ಎಂದು ನಾವು ಗಾದೆಯ ಪಟ್ಟಿಗಳಲ್ಲಿ ಜೋಡಿಸಿಬಿಡುತ್ತೇವೆ. ಒಂದೇ ಅಲ್ಲ. ಮರಾಠಿಯದು ತೀರ್ಪು, ಸತ್ಯ ಮುಚ್ಚಿಡುವವನಿಗೆ ಹೇಳಿದ್ದು. ಕನ್ನಡದ್ದು ಪ್ರಶ್ನೆ, ತನ್ನನ್ನು ದೊಡ್ಡವಳೆಂದುಕೊಂಡ ಬಡ ಮುದುಕಿಗೆ ಕೇಳಿದ್ದು. ತೀರ್ಪಿನಲ್ಲಿ ಸಂದಿಯಿಲ್ಲ, ಪ್ರಶ್ನೆಯಲ್ಲಿ ಉಂಟು. ಚಿತ್ರದ ಮುದುಕಿ ಮರಾಠಿ ಗಾದೆಯವರ ಹಾಗೆ ಹುಂಜವನ್ನು ಮರೆಮಾಡಿ, ಕನ್ನಡದ ಪ್ರಶ್ನೆಗೆ ‘ಹೌದು, ಆಗಂಗಿಲ್ಲ’ ಎಂದು ಉತ್ತರ ಕೊಡುತ್ತಾಳೆ. ಇದನ್ನು ಪ್ರಭಾವವೆಂದು ನಾನು ಕರೆಯುತ್ತಿಲ್ಲ. ಎರಡೂ ಗಾದೆ ಕೇಳಿದ ಕಿವಿಗೆ ಹೀಗೆ ಕೇಳಿಸುತ್ತದೆ, ಅಷ್ಟೇ.

ಒಂದು ತಕರಾರು ಇದೆ. ಭವಿಷ್ಯವಾಣಿ ಬಂದೊಡನೆ ಅಧಿಕಾರ ಹುಂಜದ ಕೊರಳಿನಿಂದ ದೈವದ ಕೈಗೆ ಹೋಗುತ್ತದೆ. ಮಾತಿನಿಂದ ಹುಟ್ಟಿದ ನಗೆಗೆ ಹಣೆಬರಹದ ಭಾರ ಬೀಳುತ್ತದೆ. ಆದರೂ ಊರಿನವರು ‘ಯಾಕವ್ವಾ, ಯಾಕ ಒಯ್ದಿ?’ ಎಂದು ಕೇಳುವ ಬದಲು ಮನೆತನವನ್ನೇ ಹೊರಹಾಕುವ ದಾರಿ ಹಿಡಿಯುವುದು ಸುಳ್ಳಲ್ಲ. ಹಳ್ಳಿ ಕಂಡವರಿಗೆ ಇದು ಗೊತ್ತು.

ಕೊನೆಗೆ, ನಮಗೆ ಈ ಚಿತ್ರ ಯಾಕೆ ಬೇಕು? ಜತ್ತ ಸಂಸ್ಥಾನ 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು. 1967ರ ಮಹಾಜನ ವರದಿ ಬಂತು. 2022ರಲ್ಲಿ ಜತ್ತದ ಊರುಗಳ ಹೆಸರು ಮತ್ತೆ ಎರಡೂ ರಾಜ್ಯಗಳ ಪತ್ರಿಕೆಗಳಲ್ಲಿ ಓಡಾಡಿತು. ಈ ನಡುವೆ ನಮ್ಮ ಮಾತಿಗೆ ದೂರದವರು ಕೇಳಬಹುದಾದ ಪ್ರಶ್ನೆ ಇದೇ ಗಾದೆಯದು: ನಿಮ್ಮ ಹುಂಜ ಕೂಗದಿದ್ರ ಕನ್ನಡಕ್ಕ ಬೆಳಗಾಗಂಗಿಲ್ಲೇನು? ಆಗತೈತಿ. ಬೆಂಗಳೂರಿಗೆ ಆಗತೈತಿ, ಮೈಸೂರಿಗೂ ಆಗತೈತಿ. ಆದರೆ ಚಿತ್ರದಲ್ಲಿ ಕತ್ತಲೆ ಬೀಳುವುದು ಹುಂಜ ಕಳೆದ ಊರಿಗೆ. ಲೋಕ ಮುಳುಗುವುದೆಂದರೆ ಒಂದೊಂದು ಊರಾಗಿ ಮುಳುಗುವುದು. ‘ಹೊತ್ತು ಹೊಂಟಿತು’ ಎನ್ನುವ ಕೊನೆಯ ಬಾಯಿ ನಿಂತ ದಿನ ಆ ಊರಿಗೆ ಸೂರ್ಯ ಬಂದರೂ ಬೇರೆ ಹೆಸರಿನಿಂದ ಬರುತ್ತಾನೆ. ಉಪಭಾಷೆಯ ಅಭ್ಯಾಸಿಗಳಾದ ನಾವು ಗಾದೆಗಳನ್ನು ಕೂಡಿಹಾಕಿದ್ದೇವೆ. ಇನ್ನು ಮೇಲೆ ಮುದುಕಿಯನ್ನೂ ಒಮ್ಮೆ ಮಾತಾಡಿಸಬೇಕು.