ಸತ್ಯದ ಗೋಡೆ: ಒಂದು ವಿವೇಚನೆ

ದೆಹಲಿಯ ಸಂಸತ್ ಭವನಕ್ಕೆ ಸಮೀಪದ ರಕಾಬ್‌ಗಂಜ್ ಸಾಹಿಬ್ ಗುರುದ್ವಾರದ ಆವರಣದಲ್ಲಿ 2017ರ ಜನವರಿಯಲ್ಲಿ ‘ಸಚ್ ದೀ ದೀವಾರ್’, ಅರ್ಥಾತ್ ಸತ್ಯದ ಗೋಡೆ, ಎಂಬ ಸ್ಮಾರಕವು ಲೋಕಾರ್ಪಣಗೊಂಡಿತು. 1984ರ ಅಕ್ಟೋಬರ್ 31ರಂದು ಪ್ರಧಾನಿ ಇಂದಿರಾ ಗಾಂಧಿಯವರ ಹತ್ಯೆಯಾದ ತರುವಾಯ ನಡೆದ ಹಿಂಸೆಯಲ್ಲಿ, ಸರ್ಕಾರವು ಒಪ್ಪಿಕೊಂಡ ಲೆಕ್ಕದಂತೆಯೇ, ದೆಹಲಿಯೊಂದರಲ್ಲಿ 2,733 ಮಂದಿ ಪ್ರಾಣ ಕಳೆದುಕೊಂಡರು. ಹತರಾದವರ ಹೆಸರುಗಳನ್ನು ಇಲ್ಲಿ ಕೆತ್ತಲಾಗಿದೆ.

ಸ್ಥಳದ ಆಯ್ಕೆ ಅರ್ಥಪೂರ್ಣವಾಗಿದೆ. 1675ರಲ್ಲಿ ಚಾಂದನಿ ಚೌಕದಲ್ಲಿ ಶಿರಚ್ಛೇದಕ್ಕೊಳಗಾದ ಗುರು ತೇಗ್ ಬಹಾದೂರರ ದೇಹವನ್ನು ಲಖಿ ಶಾಹ್ ವಂಜಾರಾ ಎಂಬ ಭಕ್ತನು ಗುಟ್ಟಾಗಿ ತಂದು, ಸುಳಿವು ಸಿಗದಂತೆ ತನ್ನ ಮನೆಗೇ ಬೆಂಕಿಯಿಟ್ಟು ದಹಿಸಿದನೆಂದು ಸಿಖ್ ಪರಂಪರೆ ಹೇಳುತ್ತದೆ. ಆ ಸ್ಥಳವೇ ರಕಾಬ್‌ಗಂಜ್. ಹೊಸದೆಹಲಿಯನ್ನು ಕಟ್ಟುವಾಗ ಬ್ರಿಟಿಷ್ ಆಡಳಿತವು ಇದೇ ಗುರುದ್ವಾರದ ಗೋಡೆಯನ್ನು ಕೆಡವಿಸಿತ್ತು. ಸಿಖ್ಖರ ಪ್ರತಿಭಟನೆಯ ಫಲವಾಗಿ ಅದು ಮತ್ತೆ ಎದ್ದಿತು. ಇಲ್ಲಿ ಗೋಡೆಯೆಂಬುದೇ ಒಂದು ಸಮುದಾಯದ ಮಾನದ ಕುರುಹು.

ಸ್ಮಾರಕದ ನಿಜವಾದ ಬಲವಿರುವುದು ಹೆಸರುಗಳಲ್ಲಿ. ನಮ್ಮ ದೇವಾಲಯಗಳ ಗೋಡೆಗಳಲ್ಲಿ ದಾನಿಗಳ ಹೆಸರನ್ನು ಓದಿ ರೂಢಿಯಾದ ಕಣ್ಣಿಗೆ ಈ ಪಟ್ಟಿ ಬೇರೆಯೇ ಪಾಠವನ್ನು ಹೇಳುತ್ತದೆ. ಇವರು ಕೊಟ್ಟವರಲ್ಲ, ಕಿತ್ತುಕೊಳ್ಳಲ್ಪಟ್ಟವರು. ಅಂಕಿಯಲ್ಲಿ ಕರಗಿಹೋಗಿದ್ದ ಮನುಷ್ಯನನ್ನು ಹೆಸರು ಅವನ ಮನೆಯವರಿಗೆ ಹಿಂದಿರುಗಿಸುತ್ತದೆ.

ಆದರೆ ಒಂದು ಕೊರತೆಯನ್ನು ಹೇಳಲೇಬೇಕು. ಇದನ್ನು ಕಟ್ಟಿಸಿದ್ದು ದೆಹಲಿ ಸಿಖ್ ಗುರುದ್ವಾರ ಪ್ರಬಂಧಕ ಸಮಿತಿ. ನಿಂತಿರುವುದು ಗುರುದ್ವಾರದ ಪ್ರಾಕಾರದೊಳಗೆ. ನೊಂದವರೇ ಕಟ್ಟಿ, ನೊಂದವರೇ ಓದಿ, ನೊಂದವರೇ ಕಣ್ಣೀರಿಡುವ ಗೋಡೆಯಾಗಿ ಇದು ಉಳಿದುಬಿಡುವ ಅಪಾಯವಿದೆ. ಅಂದು ಬಾಗಿಲು ಮುಚ್ಚಿ ಕುಳಿತವರು, ಗುಂಪನ್ನು ತಡೆಯದೆ ನಿಂತವರು ಈ ಹೆಸರುಗಳನ್ನು ಎಂದು ಓದುವರು? ಈ ದೋಷ ಕಟ್ಟಿದವರದಲ್ಲ, ನಗರದ್ದು. 2005ರಲ್ಲಿ ಪ್ರಧಾನಿ ಮನಮೋಹನ ಸಿಂಗ್ ರಾಜ್ಯಸಭೆಯಲ್ಲಿ ತಲೆತಗ್ಗಿಸಿ ಕ್ಷಮೆ ಕೋರಿದರು. 34 ವರ್ಷಗಳ ಬಳಿಕ, 2018ರಲ್ಲಿ, ದೆಹಲಿ ಉಚ್ಚ ನ್ಯಾಯಾಲಯವು ಮಾಜಿ ಸಂಸದರೊಬ್ಬರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ತಡವಾಗಿ ಬಂದ ಈ ಮಾತು, ಈ ತೀರ್ಪು ಎರಡೂ ನಗರದ ಬೀದಿಯಲ್ಲಿ ಕಲ್ಲಾಗಿ ನಿಲ್ಲಬೇಕಾಗಿತ್ತು.

ಸ್ಮಾರಕಗಳನ್ನು ಕಟ್ಟಿಸುವ ಯಾವ ವಿಶ್ವಸ್ತ ಮಂಡಳಿಗೂ ಇದು ವಿಚಾರಾರ್ಹ. ತನ್ನವರ ಮರಣವನ್ನು ನೆನೆಯುವುದು ಮಮತೆ. ತನ್ನ ಮೌನದಿಂದಾದ ನೆರೆಯವನ ಮರಣವನ್ನು ನೆನೆಯುವುದು ಧರ್ಮ. ಸತ್ಯದ ಗೋಡೆಯು ಮೊದಲನೆಯದನ್ನು ಘನತೆಯಿಂದ ಪೂರೈಸಿದೆ; ಎರಡನೆಯದು ಉಳಿದವರ ಮೇಲಿನ ಋಣವಾಗಿಯೇ ಇದೆ.