ಮೊದಲ ಗುಡುಗು

1957ರಲ್ಲಿ ಕಾಲಿನ್ ಚಾಪ್‌ಮನ್ ಹೊರತಂದ ಲೋಟಸ್ ಸೆವೆನ್ ಕಾರನ್ನು ಬ್ರಿಟನ್ನಿನಲ್ಲಿ ಬಿಡಿಭಾಗಗಳ ಕಿಟ್ ಆಗಿ ಕೊಂಡರೆ ಖರೀದಿ ತೆರಿಗೆ ತಪ್ಪುತ್ತಿತ್ತು. ಆ ಉಳಿತಾಯದ ದಾರಿ ಮನೆಯ ಗ್ಯಾರೇಜುಗಳಲ್ಲಿ ಒಂದು ಕುಶಲಕಲೆಯನ್ನೇ ಬೆಳೆಸಿತು.

ಅದರ ಸೊಗಸು ಕಾಣುವುದು ವೈರಿಂಗಿನಲ್ಲಿ. ಬ್ರಿಟಿಷ್ ಪದ್ಧತಿಯಲ್ಲಿ ಕಂದು ತಂತಿ ಬ್ಯಾಟರಿಯದು, ಬಿಳಿಯದು ಇಗ್ನಿಷನ್‌ನದು, ಕಪ್ಪು ಅರ್ಥಿಂಗ್. ಬಣ್ಣ ಓದಬಲ್ಲವರಿಗೆ ಆ ಸಿಕ್ಕೇ ಒಂದು ಲಿಪಿ. ಅರ್ಥಿಂಗ್ ಕೂಡುವಲ್ಲಿ ಪೇಂಟು ಕೆರೆದು ಲೋಹ ಹೊಳೆಯಿಸದಿದ್ದರೆ ಎಲ್ಲ ಶ್ರಮವೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಇಂಥ ಕಾರಿಗೆಂದು ಬಿಚ್ಚಿ ಮರುಜೋಡಿಸಿದ ಫೋರ್ಡ್ ಕೆಂಟ್ ಎಂಜಿನ್ನನ್ನು ಮೊದಲು ಸ್ಪಾರ್ಕ್ ಪ್ಲಗ್ ಇಲ್ಲದೆ ಸ್ಟಾರ್ಟರಿನಿಂದ ತಿರುಗಿಸಿ, ಆಯಿಲ್ ಒತ್ತಡದ ಮುಳ್ಳು ಏಳುವವರೆಗೆ ಕಾಯಬೇಕು. ಬೇರಿಂಗುಗಳಿಗೆ ಎಣ್ಣೆಯೇ ಮೊದಲ ತುತ್ತು. ಆಮೇಲೆ ಸಿಲಿಂಡರುಗಳಲ್ಲಿ 1-2-4-3ರ ಸರದಿಯಲ್ಲಿ ಕಿಡಿ. ಒಂದು ಕೆಮ್ಮು, ಒಂದು ನಡುಕ, ಗ್ಯಾರೇಜು ತುಂಬ ಗುಡುಗು! ಆಗಲೂ ಕಟ್ಟಿದವರ ಕಣ್ಣು ಆ ಮುಳ್ಳಿನ ಮೇಲೆಯೇ. ಆ ಎಚ್ಚರವೇ ಈ ಕಸುಬಿನ ಚೆಲುವು.